ಗೆಳೆಯರ ಗ್ರೂಪಿನಲ್ಲಿ ರಾಜಕೀಯ ಜಗಳ: ವಾದ ಮಾಡಿದರೆ ಯಾರಾದರೂ ಬದಲಾಗುತ್ತಾರೆಯೇ?

ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ಮಡಗಾಂವಿಗೆ ಕೆಲಸಕ್ಕೆ ಹೋಗುವವರು, ಮಂಗಳೂರಿನ ಆಸ್ಪತ್ರೆಗೆ ಹೊರಟವರು, ಬೆಂಗಳೂರಿನಿಂದ ಹಬ್ಬಕ್ಕೆ ಬರುವವರು ಹತ್ತಿ ಇಳಿಯುವುದು ಇಲ್ಲೇ. ಊರು ಬಿಟ್ಟವರನ್ನೂ ಊರಲ್ಲೇ ಉಳಿದವರನ್ನೂ ಇವತ್ತು ಒಟ್ಟಿಗೆ ಹಿಡಿದಿಟ್ಟಿರುವುದು ಮಾತ್ರ ವಾಟ್ಸ್‌ಆ್ಯಪ್ ಗ್ರೂಪು.

ಅಂಥ ಒಂದು ಗ್ರೂಪು ನಮಗೆ ಗೊತ್ತು. ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರದ್ದು. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಬಂಗಡೆ ರೇಟು, ಸಂಜೆ ಕ್ರಿಕೆಟ್, ನಡುವೆ ಯಾರದ್ದೋ ರೈಲು ಎಷ್ಟು ತಡ ಎನ್ನುವ ಪ್ರಶ್ನೆ. 2020ರ ಜನವರಿಯಲ್ಲಿ ಕಾರವಾರ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಆ ಗ್ರೂಪಿನ ಬಣ್ಣ ಬದಲಾಯಿತು. ಒಬ್ಬನ ಮನೆಯವರು ಮೀನುಗಾರಿಕೆಯವರು. ಟಾಗೋರ್ ಕಡಲತೀರ ಹೋದರೆ ದೋಣಿ ಎಳೆಯುವ ಜಾಗವೇ ಹೋಯಿತು ಎಂದ. ಇನ್ನೊಬ್ಬನಿಗೆ ಡಿಪ್ಲೊಮಾ ಮುಗಿಸಿಯೂ ಜಿಲ್ಲೆಯಲ್ಲಿ ಕೆಲಸ ಸಿಕ್ಕಿರಲಿಲ್ಲ. ಬಂದರು ಬಂದರೆ ನಾಲ್ಕು ಜನಕ್ಕೆ ಅನ್ನ ಸಿಗುತ್ತದೆ ಎಂದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಹತ್ತು ನಿಮಿಷದಲ್ಲಿ ಒಬ್ಬ 'ಅಭಿವೃದ್ಧಿ ವಿರೋಧಿ' ಆದ, ಇನ್ನೊಬ್ಬ 'ದುಡ್ಡಿಗೆ ಮಾರಿಕೊಂಡವ' ಆದ. ಆಮೇಲೆ ಪಕ್ಷ ಬಂತು, ನಾಯಕರು ಬಂದರು, ಕೊನೆಗೆ ಜಾತಿಯೂ ಬಂತು. ರಾತ್ರಿ ಊಟದ ಹೊತ್ತಿಗೆ ಒಬ್ಬ 'ಲೆಫ್ಟ್'. ಮುಂದೆ ಅವನ ತಂಗಿಯ ಮದುವೆಯಾದಾಗ ಕರೆಯೋಲೆ ಪಿಡಿಎಫ್ ಆಗಿ ಫೋನಿಗೆ ಬಂತೇ ಹೊರತು ಅವನು ಮನೆಗೆ ಬಂದು ಕೊಡಲಿಲ್ಲ. ನಮ್ಮ ಕಡೆ ಇದರ ಅರ್ಥ ಏನೆಂದು ವಿವರಿಸಬೇಕಿಲ್ಲ.

ನಿಮ್ಮ ಗ್ರೂಪಿನಲ್ಲೂ ಹೀಗೇ ಏನಾದರೂ ನಡೆದಿರಬಹುದು. ಬಂದರಿನ ಬದಲು ಚುನಾವಣೆ ಇರಬಹುದು, ಭಾಷೆ ಇರಬಹುದು, ಧರ್ಮ ಇರಬಹುದು. ಯಾವ ಪಕ್ಷ ಸರಿ ಎಂಬುದು ಈ ಲೇಖನದ ವಿಷಯವಲ್ಲ. ಇಂಥ ಜಗಳದಲ್ಲಿ ನಿಜವಾಗಿ ಏನು ನಡೆಯುತ್ತದೆ, ಈ ಬಗ್ಗೆ ಸಂಶೋಧನೆಗಳು ಏನು ಕಂಡಿವೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ.

'ಇನ್ನೊಂದು ಕಡೆಯದ್ದನ್ನು ತೋರಿಸಿದರೆ ಸರಿಹೋಗುತ್ತಾನೆ'

ಬಹಳ ಜನ ನಂಬಿರುವ ಮಾತಿದು. ಗೆಳೆಯ ಒಂದೇ ಕಡೆಯ ಸುದ್ದಿ ನೋಡುತ್ತಾನೆ, ಅದಕ್ಕೇ ಹಾಗೆ ಮಾತಾಡುತ್ತಾನೆ; ನಮ್ಮ ಕಡೆಯ ನಾಲ್ಕು ವಿಡಿಯೊ ಕಳಿಸಿದರೆ ಕಣ್ಣು ತೆರೆಯುತ್ತದೆ ಎಂದು. ಹಾಗೆ ದಿನಕ್ಕೆ ಹತ್ತು ವಿಡಿಯೊ ಕಳಿಸುವವರನ್ನು ನೀವೂ ಬಲ್ಲಿರಿ. ಬಹುಶಃ ಮ್ಯೂಟ್ ಮಾಡಿಯೂ ಇದ್ದೀರಿ.

ಇದನ್ನು ಅಮೆರಿಕದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಕ್ರಿಸ್ಟೋಫರ್ ಬೇಲ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನವದು. ಟ್ವಿಟರ್ ಬಳಸುವ ಎರಡೂ ಪಕ್ಷದ ಬೆಂಬಲಿಗರಿಗೆ ದುಡ್ಡು ಕೊಟ್ಟು, ಎದುರು ಪಕ್ಷದವರ ಪೋಸ್ಟುಗಳನ್ನು ಹಂಚುವ ಒಂದು ಖಾತೆಯನ್ನು ಒಂದು ತಿಂಗಳು ಫಾಲೋ ಮಾಡಿಸಿದರು. ತಿಂಗಳ ಕೊನೆಗೆ ರಿಪಬ್ಲಿಕನ್ ಪಕ್ಷದವರು ತಮ್ಮ ಹಳೆಯ ನಿಲುವಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದರು. ಡೆಮಾಕ್ರಟಿಕ್ ಪಕ್ಷದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸರಾಸರಿಯಲ್ಲಿ ಯಾರೂ ಎದುರು ಕಡೆಗೆ ವಾಲಲಿಲ್ಲ.

ಅಮೆರಿಕದ ಟ್ವಿಟರ್ ಬೇರೆ, ಶಿರವಾಡದ ವಾಟ್ಸ್‌ಆ್ಯಪ್ ಬೇರೆ, ನಿಜ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಗ್ರೂಪಿನಲ್ಲಿ ನೀವು ಮಾತಾಡುತ್ತಿರುವುದು ಒಬ್ಬನ ಜೊತೆ, ಕೇಳಿಸಿಕೊಳ್ಳುತ್ತಿರುವವರು ಅರವತ್ತು ಜನ. ಆ ಅರವತ್ತು ಜನರ ಮುಂದೆ 'ಹೌದು, ನಾನು ಹೇಳಿದ್ದು ತಪ್ಪು' ಎನ್ನುವುದು ಯಾರಿಗೂ ಸುಲಭವಲ್ಲ. ಮನೆಯ ಜಗಲಿಯಲ್ಲಿ ಒಪ್ಪಿಕೊಳ್ಳುವ ಮಾತನ್ನು ಅದೇ ಮನುಷ್ಯ ಸಭೆಯಲ್ಲಿ ಒಪ್ಪಲಾರ. ಗ್ರೂಪು ನಮಗೆ ಜಗಲಿಯಂತೆ ಕಾಣುತ್ತದೆ, ಆದರೆ ಅದು ಸಭೆ.

ಬರೆದ ಮಾತಿಗೆ ದನಿ ಇಲ್ಲ

'ಓಹೋ, ಭಾರೀ ತಿಳಿದವರು ನೀವು' ಎಂದು ಟೈಪ್ ಮಾಡುತ್ತೀರಿ. ನಿಮ್ಮ ಮನಸ್ಸಿನಲ್ಲಿ ಅದು ತಮಾಷೆ. ಓದಿದವನಿಗೆ ಹಾಗೆ ಕೇಳಿಸುತ್ತದೆಯೇ?

ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಅಳೆಯಿತು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ತಲುಪಿಸುವಂತೆ ಜನರಿಗೆ ಹೇಳಿದರು. ಇಮೇಲಿನಲ್ಲಿ ಕಳಿಸಿದವರು ಶೇ 78ರಷ್ಟು ಸಲ ಎದುರಿನವರಿಗೆ ಸರಿಯಾಗಿ ಅರ್ಥವಾಗುತ್ತದೆ ಎಂದು ನಂಬಿದ್ದರು. ಅರ್ಥವಾದದ್ದು ಶೇ 56ರಷ್ಟು ಸಲ. ಅಂದರೆ ನಾಣ್ಯ ಚಿಮ್ಮಿ ಊಹಿಸಿದ್ದಕ್ಕಿಂತ ತುಸುವೇ ಮೇಲು. ಅದೇ ವಾಕ್ಯವನ್ನು ದನಿಯಲ್ಲಿ ಹೇಳಿದಾಗ ಶೇ 73ರಷ್ಟು ಸರಿಯಾಯಿತು.

ನಮ್ಮ ಕಡೆಯ ಮಾತಿನಲ್ಲಿ ಇದು ಇನ್ನೂ ದೊಡ್ಡ ತೊಂದರೆ. 'ಎಂಥದಾ ಮಾರಾಯ ನಿಂದು' ಎಂಬುದನ್ನು ಪ್ರೀತಿಯಿಂದಲೂ ಹೇಳಬಹುದು, ಬೇಸರದಿಂದಲೂ ಹೇಳಬಹುದು. ವ್ಯತ್ಯಾಸ ಇರುವುದು ರಾಗದಲ್ಲಿ. ಆ ರಾಗ ಟೈಪ್ ಆಗುವುದಿಲ್ಲ. ಇನ್ನು ಮನೆಯಲ್ಲಿ ಕೊಂಕಣಿ ಮಾತಾಡಿ, ಗ್ರೂಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರ ಗಡಿಬಿಡಿ ಬೇರೆಯೇ ಇದೆ. ಒಂದು ಅಕ್ಷರ ಬಿಟ್ಟರೆ ಬಹುವಚನ ಏಕವಚನವಾಗುತ್ತದೆ, 'ನೋಡ್ರಿ' ಎಂದದ್ದು 'ನೋಡು' ಆಗಿ ಹಿರಿಯರಿಗೆ ಮುಟ್ಟುತ್ತದೆ.

ಕಣ್ಣಿನ ವಿಷಯವೂ ಇದೆ. ಇಸ್ರೇಲಿನ ಇಬ್ಬರು ಸಂಶೋಧಕರು, ಲಪಿಡೋಟ್-ಲೆಫ್ಲರ್ ಮತ್ತು ಬರಾಕ್, 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆನ್‌ಲೈನ್ ಮಾತು ಯಾಕೆ ಬಿರುಸಾಗುತ್ತದೆ ಎಂದು ನೋಡಿದರು. ಹೆಸರು ಮುಚ್ಚಿಟ್ಟಿರುವುದೇ ಕಾರಣ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದಕ್ಕಿಂತ ಮುಖ್ಯ ಕಾರಣವಾಗಿ ಕಂಡದ್ದು ಕಣ್ಣಿಗೆ ಕಣ್ಣು ಕೂಡದಿರುವುದು. ಹೆಸರು, ಮನೆತನ, ಬಾಲ್ಯದ ಅಡ್ಡಹೆಸರು ಎಲ್ಲ ಗೊತ್ತಿರುವ ಗೆಳೆಯರೇ ಗ್ರೂಪಿನಲ್ಲಿ ಯಾಕೆ ಹಾಗೆ ಕಚ್ಚಾಡುತ್ತಾರೆ ಎಂಬುದಕ್ಕೆ ಇಲ್ಲಿ ಸ್ವಲ್ಪ ಉತ್ತರ ಸಿಗುತ್ತದೆ.

ಸುಳ್ಳು ಸುದ್ದಿ ಬೇರೆ, ಅಭಿಪ್ರಾಯ ಬೇರೆ

ಹಾಗಾದರೆ ಸುಮ್ಮನಿದ್ದುಬಿಡುವುದೇ? ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ 'ಹೌದು' ಎನ್ನಲು ಆಗುವುದಿಲ್ಲ.

2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಕಾಣೆಯಾಗಿದ್ದ ಯುವಕನೊಬ್ಬನ ಶವ ಅಲ್ಲಿನ ಶೆಟ್ಟಿಕೆರೆಯಲ್ಲಿ ಸಿಕ್ಕಿತು. ದೇಹದ ಮೇಲೆ ಎಂತೆಂಥ ಚಿತ್ರಹಿಂಸೆಯ ಗುರುತುಗಳಿವೆ ಎಂಬ ವಿವರಗಳು ಫೋನಿನಿಂದ ಫೋನಿಗೆ ಹಾರಿದವು. ಪೊಲೀಸರು ವಿಧಿವಿಜ್ಞಾನ ವೈದ್ಯರಿಗೆ ಪ್ರಶ್ನೆಗಳನ್ನು ಕಳಿಸಿ, ಬಂದ ಉತ್ತರಗಳನ್ನು ಬಹಿರಂಗಪಡಿಸಿ, ಹಬ್ಬಿದ್ದ ಆ ವಿವರಗಳನ್ನು ಅಲ್ಲಗಳೆದರು. ಅದೇ ದಿನಗಳಲ್ಲಿ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಹಿಂಸಾಚಾರ ನಡೆಯಿತು; ಕುಮಟಾದಲ್ಲಿ ಐಜಿಪಿಯವರ ವಾಹನವೇ ಸುಟ್ಟುಹೋಯಿತು. ತನಿಖೆ ವಹಿಸಿಕೊಂಡ ಸಿಬಿಐ 2022ರ ಅಕ್ಟೋಬರಿನಲ್ಲಿ, ಇದು ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಆ ವರದಿಯನ್ನು ಒಪ್ಪದವರೂ ಇದ್ದಾರೆ. ಆದರೆ ವೈದ್ಯರ ಮಾತಿಗೆ ಕಾಯದೆ ಫಾರ್ವರ್ಡ್ ಒತ್ತಿದವರಲ್ಲಿ ನಮ್ಮ ನಿಮ್ಮಂಥ ಸಾಮಾನ್ಯ ಗ್ರೂಪಿನವರೂ ಇದ್ದರು.

ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗಲೂ ಇದರದ್ದೇ ಇನ್ನೊಂದು ರೂಪ ಕಂಡೆವು. ಹೆದ್ದಾರಿ ಬದಿಯ ಹೋಟೆಲಿನ ಕುಟುಂಬ ಸತ್ತಿತ್ತು, ಕೇರಳದ ಲಾರಿ ಚಾಲಕ ಕಾಣೆಯಾಗಿದ್ದ. ಹುಡುಕಾಟ ತಡವಾಯಿತೇ ಎಂಬುದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ನೋಡನೋಡುತ್ತ ಕೇರಳದವರು ಮತ್ತು ಕರ್ನಾಟಕದವರ ಜಗಳವಾಯಿತು. ಆ ಚಾಲಕನ ಮನೆಯವರು, ಮಗ ಇನ್ನೂ ಸಿಗದಿದ್ದಾಗಲೇ, ತಮ್ಮ ಮೇಲಿನ ಸೈಬರ್ ದಾಳಿಯ ವಿರುದ್ಧ ಕೋಯಿಕ್ಕೋಡಿನಲ್ಲಿ ಪೊಲೀಸರಿಗೆ ದೂರು ಕೊಡಬೇಕಾಯಿತು. ಲಾರಿಯೂ ಅವನ ದೇಹವೂ ಗಂಗಾವಳಿಯಿಂದ ಹೊರಬಂದದ್ದು ಸೆಪ್ಟೆಂಬರ್ 25ಕ್ಕೆ.

ಹಾಗಾಗಿ ಸುಳ್ಳು ಬಂದಾಗ ಹೇಳಲೇಬೇಕು. ಹೇಳಿದರೆ ಉಪಯೋಗ ಇದೆಯೇ? ಇದೆ, ಮತ್ತು ನಾವು ಅಂದುಕೊಂಡದ್ದಕ್ಕಿಂತ ಸುಲಭವಾಗಿ. ಸುಮಿತ್ರಾ ಬದರಿನಾಥನ್ ಮತ್ತು ಸೈಮನ್ ಶೋಶಾರ್ ಎಂಬ ಸಂಶೋಧಕರು ಭಾರತದ ವಾಟ್ಸ್‌ಆ್ಯಪ್ ಬಳಕೆದಾರರ ಮೇಲೆಯೇ ಅಧ್ಯಯನ ಮಾಡಿದ್ದಾರೆ. ಗ್ರೂಪಿನಲ್ಲಿ ಸುಳ್ಳು ಸುದ್ದಿ ಬಂದಾಗ ಇನ್ನೊಬ್ಬ ಸದಸ್ಯ 'ಇದು ನಿಜ ಅಲ್ಲ ಅನ್ನಿಸುತ್ತೆ' ಎಂದು ಒಂದು ಸಾಲು ಬರೆದರೂ ಸಾಕು, ಓದಿದವರು ಆ ಸುದ್ದಿಯನ್ನು ನಂಬುವುದು ಕಡಿಮೆಯಾಯಿತು. ಉದ್ದದ ಪುರಾವೆ, ಲಿಂಕು ಕೊಟ್ಟ ತಿದ್ದುಪಡಿಗೂ ಈ ಒಂದು ಸಾಲಿಗೂ ಪರಿಣಾಮದಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಪ್ರಬಂಧ ಬರೆದು ಕಳಿಸುವವರಿಗೆ ಇದು ನಿರಾಸೆಯ ಸುದ್ದಿ, ಉಳಿದವರಿಗೆ ಸಂತೋಷದ್ದು.

ಆದರೆ ತಿದ್ದುಪಡಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಮಿತಿಯಿದೆ. 2016ರ ಅಮೆರಿಕ ಚುನಾವಣೆಯ ಹೊತ್ತಿಗೆ ಬ್ರೆಂಡನ್ ನೈಹನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಡೊನಾಲ್ಡ್ ಟ್ರಂಪ್ ಹೇಳಿದ್ದ ತಪ್ಪು ಅಂಕಿಗಳನ್ನು ತಿದ್ದಿ ತೋರಿಸಿದಾಗ ಅವರ ಬೆಂಬಲಿಗರೂ ಸರಿಯಾದ ಅಂಕಿಯ ಕಡೆಗೆ ಬಂದರು. ಟ್ರಂಪ್ ಬಗೆಗಿನ ಅವರ ಅಭಿಪ್ರಾಯ ಮಾತ್ರ ಕದಲಲಿಲ್ಲ. ನಾವು ಗ್ರೂಪಿನಲ್ಲಿ ಎಡವುವುದು ಇಲ್ಲೇ. 'ಈ ವಿಡಿಯೊ ಹಳೆಯದು' ಎಂದು ಹೇಳಿ ನಿಲ್ಲಿಸುವುದಿಲ್ಲ. 'ನಿಮ್ಮ ಪಕ್ಷದವರದ್ದು ಯಾವಾಗಲೂ ಇದೇ ಕತೆ' ಎಂದು ಸೇರಿಸುತ್ತೇವೆ. ಮೊದಲ ಸಾಲಿಗೆ ಆಗಬಹುದಾಗಿದ್ದ ಕೆಲಸ ಎರಡನೇ ಸಾಲಿನಿಂದ ಕೆಡುತ್ತದೆ. ಗೆಳೆಯ ಈಗ ವಿಡಿಯೊ ಬಿಟ್ಟು ತನ್ನ ಮಾನ ಕಾಯುವ ಕೆಲಸಕ್ಕೆ ಇಳಿದಿರುತ್ತಾನೆ.

ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ದಾಖಲೆ ನೋಡಿ ತೀರ್ಮಾನಿಸಬಹುದೇ? ಬಂದರು ವಿಸ್ತರಣೆಗೆ ನ್ಯಾಯಾಲಯದ ತಡೆಯಾಜ್ಞೆ ಬಂತೇ ಇಲ್ಲವೇ ಎಂಬುದನ್ನು ನೋಡಿ ಹೇಳಬಹುದು. ಬಂದರು ಬೇಕೇ ಬೇಡವೇ ಎಂಬುದನ್ನು ಹಾಗೆ ಹೇಳಲಾಗದು. ಅದು ಯಾರ ಮನೆಯಲ್ಲಿ ಬಲೆ ಇದೆ, ಯಾರ ಮನೆಯಲ್ಲಿ ಕೆಲಸವಿಲ್ಲದ ಮಗ ಇದ್ದಾನೆ ಎಂಬುದರ ಮೇಲೂ ನಿಂತಿದೆ. ಮೊದಲನೆಯದನ್ನು ಗ್ರೂಪಿನಲ್ಲೇ ತಿದ್ದಿ. ಎರಡನೆಯದಕ್ಕೆ ಗ್ರೂಪು ಒಳ್ಳೆಯ ಜಾಗವಲ್ಲ.

'ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ'

ಪ್ರತಿ ಚುನಾವಣೆಗೂ ಈ ಫಾರ್ವರ್ಡ್ ಬರುತ್ತದೆ. ಜೊತೆಗೆ ಅದರ ಅಣ್ಣನೂ ಬರುತ್ತಾನೆ: ಮೂರು ಟಿಕ್‌ಗಳಲ್ಲಿ ಇಷ್ಟು ನೀಲಿ ಇಷ್ಟು ಕೆಂಪು ಬಂದರೆ ಸರ್ಕಾರ ನಿಮ್ಮ ಮೆಸೇಜು ನೋಡಿದೆ ಎಂದರ್ಥ, ಎಂಬುದು. ಟಿಕ್ಕಿನ ಕತೆ ಪೂರ್ತಿ ಸುಳ್ಳು. ಕೇಂದ್ರ ಸರ್ಕಾರದ ಪಿಐಬಿಯೇ ಅದನ್ನು ಸುಳ್ಳೆಂದು ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ಮೂರನೇ ಟಿಕ್ ಇಲ್ಲ, ಕೆಂಪು ಟಿಕ್ಕೂ ಇಲ್ಲ.

ಅಡ್ಮಿನ್ ಕತೆ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ, ಯಾಕೆಂದರೆ ಅದರ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 2017ರಲ್ಲಿ ಮುರ್ಡೇಶ್ವರ ಪೊಲೀಸರು ಒಂದು ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಆಗಿದ್ದ ಆಟೊ ಚಾಲಕರೊಬ್ಬರನ್ನು ಬಂಧಿಸಿದರು. ಪ್ರಧಾನಿ ನರೇಂದ್ರ ಮೋದಿಯವರ ತಿರುಚಿದ, ಅಸಭ್ಯ ಚಿತ್ರ ಗ್ರೂಪಿನಲ್ಲಿ ಬಂದಿದೆ ಎಂಬುದು ದೂರು. ವರದಿಗಳ ಪ್ರಕಾರ ಚಿತ್ರ ಹಾಕಿದ್ದು ಅಡ್ಮಿನ್ ಅಲ್ಲ, ಬೇರೊಬ್ಬ ಸದಸ್ಯ. ಆ ಸುದ್ದಿ ದೇಶವೆಲ್ಲ ಓಡಾಡಿತು. ಊರ ಹುಡುಗರು ಸೇರಿ ಮಾಡಿಕೊಂಡ ಗ್ರೂಪು ಠಾಣೆಯ ಮೆಟ್ಟಿಲು ಹತ್ತಿತ್ತು.

ಆಮೇಲೆ ನ್ಯಾಯಾಲಯಗಳು ವಿಷಯವನ್ನು ತಿಳಿಗೊಳಿಸಿವೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರ ಮಾರ್ಚಿನಲ್ಲಿ, ಸದಸ್ಯ ಹಾಕಿದ ಆಕ್ಷೇಪಾರ್ಹ ಪೋಸ್ಟಿಗೆ ಅಡ್ಮಿನ್ ತಾನಾಗಿ ಹೊಣೆಯಾಗುವುದಿಲ್ಲ, ಇಬ್ಬರದ್ದೂ ಒಂದೇ ಉದ್ದೇಶ ಇತ್ತೆಂದು ತೋರಿಸಬೇಕು ಎಂದಿತು. ಕೇರಳ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಹೆಚ್ಚುಕಡಿಮೆ ಅದೇ ಮಾತು ಹೇಳಿತು. ಆ ಪ್ರಕರಣದ ಗ್ರೂಪಿನ ಹೆಸರು 'ಫ್ರೆಂಡ್ಸ್'. ಇವು ಬೇರೆ ರಾಜ್ಯದ ಹೈಕೋರ್ಟುಗಳ ತೀರ್ಪು. ಇಲ್ಲಿ ವಕೀಲರು ಆಧಾರವಾಗಿ ಹೇಳಬಹುದು, ಆದರೆ ಕರ್ನಾಟಕದ ನ್ಯಾಯಾಲಯಗಳು ಪಾಲಿಸಲೇಬೇಕೆಂದಿಲ್ಲ.

ಇದರರ್ಥ ಏನು ಬೇಕಾದರೂ ಹಾಕಬಹುದು ಎಂದಲ್ಲ. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಮಾಡಿತು, ಹಾಗಾಗಿ 'ಕಿರಿಕಿರಿ ಮಾಡಿದ' ಎಂಬ ಒಂದೇ ಕಾರಣಕ್ಕೆ ಆ ಕಲಮಿನಡಿ ಕೇಸು ಹಾಕಲಾಗದು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದು (ಕಲಂ 196), ಗಲಭೆಗೆ ದಾರಿಯಾಗುವ ಸುಳ್ಳು ಸುದ್ದಿ, ವದಂತಿ ಹರಡುವುದು (ಕಲಂ 353), ಮಾನಹಾನಿ (ಕಲಂ 356) ಅಪರಾಧಗಳೇ. ಅಶ್ಲೀಲ ಚಿತ್ರಕ್ಕೆ ಐಟಿ ಕಾಯ್ದೆಯ 67 ಇದೆ. 'ಬಂದದ್ದನ್ನು ಹಾಗೇ ಕಳಿಸಿದೆ' ಎಂಬುದು ಭದ್ರವಾದ ಸಮಜಾಯಿಷಿಯಲ್ಲ. ಟೀಕೆ ಅಪರಾಧವಲ್ಲ, ಸರ್ಕಾರವನ್ನು, ಮಂತ್ರಿಯನ್ನು, ಯೋಜನೆಯನ್ನು ಟೀಕಿಸುವ ಹಕ್ಕು ಸಂವಿಧಾನದ್ದು.

ಗ್ರೂಪಿನಲ್ಲಿ ಏನು ಮಾಡಬಹುದು

ತಪ್ಪು ಸುದ್ದಿ ಬಂದರೆ ಬೇಗ ಹೇಳಿ, ಚಿಕ್ಕದಾಗಿ ಹೇಳಿ, ಕಳಿಸಿದವನನ್ನು ಬಿಟ್ಟು ಸುದ್ದಿಯ ಬಗ್ಗೆ ಹೇಳಿ. 'ಮಾರಾಯ, ಇದು ಹಳೇ ವಿಡಿಯೊ ಕಾಣ್ತದೆ, ಒಂದ್ಸಲ ನೋಡು' ಎಂದರೆ ಅವನಿಗೆ ಹಿಂದೆ ಸರಿಯಲು ಜಾಗ ಉಳಿಯುತ್ತದೆ. ಕಳಿಸಿದವರು ಹಿರಿಯರಾದರೆ, ನಮ್ಮ ಹಳೆಯ ಮಾಸ್ತರು ಗ್ರೂಪಿನಲ್ಲಿದ್ದರೆ, ಸಾರ್ವಜನಿಕವಾಗಿ ತಿದ್ದಬೇಡಿ. 'ಮಾಸ್ತರೇ, ನೀವು ಕಳಿಸಿದ್ದು ನೋಡಿದೆ, ಇದರ ಬಗ್ಗೆ ಇನ್ನೊಂದು ಸುದ್ದಿ ಸಿಕ್ಕಿತು' ಎಂದು ಅವರಿಗೊಬ್ಬರಿಗೇ ಕಳಿಸಿ. ಹೆಚ್ಚಿನವರು ತಾವೇ ಅಳಿಸುತ್ತಾರೆ. ಕಳಿಸಿದ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡು ದಿನದ ಅವಕಾಶ ಇದೆ ಎಂಬುದು ಬಹಳ ಹಿರಿಯರಿಗೆ ಗೊತ್ತಿರುವುದಿಲ್ಲ, ತಿಳಿಸಿಕೊಡಿ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು. ಅಂಥದ್ದನ್ನು 2020ರ ಏಪ್ರಿಲಿನಿಂದ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಸಾಧ್ಯ. ಆ ಗುರುತು ಸುಳ್ಳಿನ ಗುರುತಲ್ಲ, ಆದರೆ ನಿಮ್ಮ ಗೆಳೆಯ ಬರೆದದ್ದಲ್ಲ ಎಂಬುದಂತೂ ಖಾತ್ರಿ. ಅವನು ಬರೆಯದ ಮಾತಿಗೆ ಅವನ ಮೇಲೆ ಯಾಕೆ ಹರಿಹಾಯಬೇಕು?

ಅಭಿಪ್ರಾಯದ ವಿಷಯಕ್ಕೆ ಮಾತು ಏರುತ್ತಿದೆ ಎನ್ನಿಸಿದರೆ 'ಇದನ್ನ ಫೋನಿನಲ್ಲಿ ಮಾತಾಡುವ' ಎಂದು ಬರೆದು, ನಿಜವಾಗಿ ಫೋನ್ ಮಾಡಿ. ಫೋನಿನಲ್ಲಿ ಮೊದಲು ಕೇಳಿ. ಅಮೆರಿಕದ ಮಯಾಮಿಯಲ್ಲಿ ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೆಬಾಗಿಲಿಗೆ ಹೋಗಿ ಸುಮಾರು ಹತ್ತು ನಿಮಿಷ, ದೂಷಿಸದೆ, ಎದುರಿನವರ ಸ್ವಂತ ಅನುಭವ ಕೇಳುತ್ತ ಮಾತಾಡಿದಾಗ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ ಕಡಿಮೆಯಾಯಿತು. ಆ ಬದಲಾವಣೆ ಮೂರು ತಿಂಗಳಾದ ಮೇಲೂ ಉಳಿದಿತ್ತು. ಒಂದು ತಿಂಗಳ ಟ್ವಿಟರಿಗಿಂತ ಹತ್ತು ನಿಮಿಷದ ಮಾತು ಮೇಲು.

ಅಡ್ಮಿನ್ ಆಗಿದ್ದರೆ ಜಗಳ ಬರುವ ಮೊದಲೇ ಗ್ರೂಪಿನ ವಿವರಣೆಯಲ್ಲಿ ನಿಯಮ ಬರೆದಿಡಿ, ಮತ್ತು ಆ ನಿಯಮ ನಿಮ್ಮ ಪಕ್ಷದವರಿಗೂ ಅನ್ವಯಿಸಲಿ. ಇದು ಹೇಳಿದಷ್ಟು ಸುಲಭವಲ್ಲ. ನಾವು ನೋಡಿದ ಗ್ರೂಪುಗಳಲ್ಲಿ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ. ಸದಸ್ಯರು ಹಾಕಿದ ಮೆಸೇಜನ್ನು ಅಡ್ಮಿನ್ ಎಲ್ಲರಿಗೂ ಅಳಿಸಬಹುದು. ಬಿಸಿ ಏರಿದ ರಾತ್ರಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ ಬೆಳಿಗ್ಗೆ ತೆರೆಯಬಹುದು. ರಾತ್ರಿ ಹನ್ನೊಂದರ ನಂತರದ ಸಿಟ್ಟು ಬೆಳಗಿನ ಚಹಾದ ಹೊತ್ತಿಗೆ ಅರ್ಧ ಇಳಿದಿರುತ್ತದೆ.

ಹೊರಬರಲೇಬೇಕು ಎನ್ನಿಸಿದರೆ ಮೊದಲು ಮ್ಯೂಟ್ ಮಾಡಿ ನೋಡಿ. ಫೇಸ್‌ಬುಕ್ಕಿನಲ್ಲಿ ಒಬ್ಬರ ಪೋಸ್ಟು 30 ದಿನ ಕಾಣದಂತೆ ಸ್ನೂಜ್ ಮಾಡಬಹುದು, ಅವರಿಗೆ ಗೊತ್ತಾಗುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪು ಬಿಟ್ಟರೂ 2022ರಿಂದ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ. ಇಲ್ಲಿ ಒಂದು ಮಾತು: ಎಲ್ಲವನ್ನೂ ಸಹಿಸಿಕೊಂಡು ಇರಬೇಕಾಗಿಲ್ಲ. ನಿಮ್ಮ ಜಾತಿಯನ್ನು, ಧರ್ಮವನ್ನು, ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಎಳೆದು ತರುವುದು ರಾಜಕೀಯ ಭಿನ್ನಾಭಿಪ್ರಾಯವಲ್ಲ. ಬೆದರಿಕೆಯಾದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಕೊಡುವುದಾದರೆ ಬೇಕಾಗುತ್ತದೆ.

ಮೊದಲು ಹೇಳಿದ ಆ ಇಬ್ಬರು ಗೆಳೆಯರ ವಿಷಯ. ಬಿಟ್ಟುಹೋದವನು ಗ್ರೂಪಿಗೆ ಇನ್ನೂ ಬಂದಿಲ್ಲ. ಮಳೆಗಾಲದ ಒಂದು ರಾತ್ರಿ ರೈಲು ತಡವಾಗಿ, ಇಬ್ಬರೂ ಶಿರವಾಡದ ಪ್ಲಾಟ್‌ಫಾರ್ಮಿನಲ್ಲಿ ಒಂದೇ ಬೆಂಚಿನಲ್ಲಿ ಸಿಕ್ಕಿಬಿದ್ದರು. ಮೊದಲು ರೈಲಿನ ಬಗ್ಗೆ ಮಾತಾಡಿದರು, ಆಮೇಲೆ ಒಬ್ಬನ ಅಪ್ಪನ ಬಿಪಿ ಬಗ್ಗೆ, ಆಮೇಲೆ ಬಂದರಿನ ಬಗ್ಗೆಯೂ. ಬಂದರಿನ ವಿಷಯದಲ್ಲಿ ಇಬ್ಬರೂ ಇವತ್ತಿಗೂ ತಮ್ಮ ತಮ್ಮ ಮಾತಿನಲ್ಲೇ ಇದ್ದಾರೆ. ಈ ಸಲ ಕೇಣಿಯ ಬಂದರು ಯೋಜನೆಯ ಸುದ್ದಿ ಬಂದಾಗ, ಗ್ರೂಪಿನಲ್ಲಿದ್ದವನು ಅದನ್ನು ಗ್ರೂಪಿಗೆ ಹಾಕುವ ಮೊದಲು ಇವನಿಗೆ ಫೋನ್ ಮಾಡಿ, 'ಇದು ಹೌದನಾ?' ಎಂದು ಕೇಳಿದನಂತೆ.